ಹನ್ನೊಂದು ಜನರಲ್ಲಿ ಕಿಕ್ಕರ್‌ನೇ ಯಾಕೆ? (ನ್ಯಾನ್ಸಿ ಡ್ರೂ, 1977. ದಯವಿಟ್ಟು ಕಥೆ ಹೇಳಬೇಡಿ!)

ಮಲ್ಲಿಗೆಬಳ್ಳಿ
ಎಲ್ಲರಿಗೂ ನಮಸ್ಕಾರ. ಅಮೆರಿಕದಿಂದ ಬಂದ ನಮ್ಮ ಯಜಮಾನರ ಅಕ್ಕ ಒಂದು ಡಿವಿಡಿ ಪೆಟ್ಟಿಗೆ ಬಿಟ್ಟು ಹೋಗಿದ್ದಾರೆ. ಹಳೇ ಹಾರ್ಡಿ ಬಾಯ್ಸ್ ಮತ್ತು ನ್ಯಾನ್ಸಿ ಡ್ರೂ ಪತ್ತೇದಾರಿ ಟಿವಿ ಧಾರಾವಾಹಿ, ಮೊದಲ ಸೀಸನ್, 1977ರದ್ದು. ಮಗಳಿಗೆ ಹದಿಮೂರು. ಮೊದಲು "ಅಮ್ಮಾ, ಏನಿದು ಮ್ಯೂಸಿಯಂ ಥರ" ಅಂತ ಮೂಗು ಮುರಿದಳು. ಈಗ ದಿನಾ ರಾತ್ರಿ ಊಟದ ತಟ್ಟೆ ಹಿಡಿದುಕೊಂಡು ಟಿವಿ ಮುಂದೆ ಅವಳೇ ಮೊದಲು.

ನಿನ್ನೆ ಹಾಕಿದ್ದು "ದಿ ಮಿಸ್ಟರಿ ಆಫ್ ದಿ ಸಾಲಿಡ್ ಗೋಲ್ಡ್ ಕಿಕ್ಕರ್" ಅನ್ನೋ ಕಂತು. ಕಾಲೇಜು ಫುಟ್‌ಬಾಲ್ ಹಿನ್ನೆಲೆ. ಚಿಪ್ ಗಾರ್ವಿ ಅಂತ ಒಬ್ಬ ಹುಡುಗ. ಇನ್ನೂ ಇಪ್ಪತ್ತು ನಿಮಿಷ ಆಗಿರಲಿಲ್ಲ, ಕರೆಂಟ್ ಹೋಯ್ತು. ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯಂತೆ, ನಾಳೆ ಸಂಜೆವರೆಗೂ ಬರೋದಿಲ್ಲ ಅಂದರು. ನಮ್ಮ ಯುಪಿಎಸ್‌ಗೆ ಎರಡು ಲೈಟು, ಒಂದು ಫ್ಯಾನು, ಅಷ್ಟೇ.

ಕತ್ತಲಲ್ಲಿ ಕೂತು ಮಗಳು ಕೇಳಿದ ಪ್ರಶ್ನೆ ಇದು: "ಅಷ್ಟೊಂದು ದಪ್ಪ ದಪ್ಪ ಜನ ಹೆಲ್ಮೆಟ್ ಹಾಕಿಕೊಂಡು ಗುದ್ದಾಡ್ತಾರೆ. ಅವರನ್ನೆಲ್ಲ ಬಿಟ್ಟು ಹೆಸರಲ್ಲಿ ಕಿಕ್ಕರ್‌ನ ಯಾಕೆ ಇಟ್ಟಿದ್ದಾರೆ? ಅವನು ಮಾಡೋದು ಒದೆಯೋದು ತಾನೆ?" ನನಗೂ ಗೊತ್ತಿಲ್ಲ. ಈ ಆಟ ತಿಳಿದವರು ಹೇಳಿ. ಆದರೆ ಕಥೆಯ ಕೊನೆ ಯಾರೂ ಹೇಳಬೇಡಿ. ಯಾರು ಮಾಡಿದ್ದು, ಯಾಕೆ ಮಾಡಿದ್ದು, ಏನೂ ಬೇಡ.

ಇನ್ನೊಂದು ಸಣ್ಣ ಅನುಮಾನ. ಆ ಹುಡುಗನ ಮುಖ ಎಲ್ಲೋ ನೋಡಿದ ಹಾಗಿದೆ.

ತುಂಟ_ತಿಮ್ಮ
ಕೊನೆಯಲ್ಲಿ ಗೊತ್ತಾಗುತ್ತೆ ಮೇಡಂ, ಅಪರಾಧಿ ಬಂದು…

ನಿರ್ವಾಹಕ
ತಿಮ್ಮ, ಹೋದ ತಿಂಗಳದ್ದು ನೆನಪಿದೆಯಲ್ಲ? ಒಂದು ವಾರ ಹೊರಗೆ ಕೂತಿದ್ದೆ.

ತುಂಟ_ತಿಮ್ಮ
…ನಿಮ್ಮ ಟ್ರಾನ್ಸ್‌ಫಾರ್ಮರ್ ಅಂತ ಹೇಳೋಕೆ ಹೊರಟಿದ್ದೆ ಸಾರ್. ಪೂರ್ತಿ ಕೇಳೋದೇ ಇಲ್ಲ.

ಚಿಕ್ಕಪೇಟೆ_ಚೇತು
ಇದಕ್ಕೇನು ದೊಡ್ಡ ವಿಷಯ. ಫ್ರೀ ಕಿಕ್, ಪೆನಾಲ್ಟಿ ಹೊಡೆಯೋನು ತಂಡದ ಸ್ಟಾರ್ ತಾನೆ? ಗೋಲು ಹೊಡೆದವನ ಹೆಸರೇ ಪೇಪರಿನಲ್ಲಿ ಬರೋದು. ಅದಕ್ಕೆ ಕಿಕ್ಕರ್.

ಆನ್_ಆರ್ಬರ್_ಅಕ್ಕಯ್ಯ
ಚೇತು, ಇದು ಆ ಫುಟ್‌ಬಾಲ್ ಅಲ್ಲಪ್ಪ. ಇದು ಅಮೆರಿಕನ್ ಫುಟ್‌ಬಾಲ್. ಹೆಸರಲ್ಲಿ ಕಾಲಿದೆ, ಆಟವೆಲ್ಲ ಕೈಯಲ್ಲಿ. ಮಿಷಿಗನ್‌ಗೆ ಬಂದು ಹದಿನೆಂಟು ವರ್ಷ ಆಯ್ತು, ನನಗೆ ಇದು ತಲೆಗೆ ಹತ್ತೋಕೆ ಮೊದಲ ಮೂರು ವರ್ಷ ಬೇಕಾಯ್ತು.

ಬಳ್ಳಿ ಅವರೇ, ಮಗಳಿಗೆ ಹೀಗೆ ಹೇಳಿ. ಮೈದಾನ ನೂರು ಗಜ. ಎರಡೂ ತುದಿಗೆ ಹತ್ತತ್ತು ಗಜದ ಅಂಗಳ. ಚೆಂಡನ್ನು ಹಿಡಿದುಕೊಂಡು ಆ ಅಂಗಳಕ್ಕೆ ನುಗ್ಗಿದರೆ ಟಚ್‌ಡೌನ್, ಆರು ಅಂಕ. ಅದಾದ ಮೇಲೆ ಒಂದು ಒದೆತ, ತುದಿಯಲ್ಲಿ ನಿಲ್ಲಿಸಿರೋ ಎರಡು ಕಂಬದ ಮಧ್ಯೆ ಹೋದರೆ ಇನ್ನೊಂದು ಅಂಕ. ನುಗ್ಗೋಕೆ ಆಗಲಿಲ್ಲ, ಹತ್ತಿರಕ್ಕೆ ಬಂದು ಸಿಕ್ಕಿಹಾಕಿಕೊಂಡರು ಅಂದಾಗ ಕಿಕ್ಕರ್‌ನ ಕರೆಯುತ್ತಾರೆ. ಅವನು ದೂರದಿಂದ ಒದ್ದು ಕಂಬದ ನಡುವೆ ಹಾಕಿದರೆ ಮೂರು ಅಂಕ. ಫೀಲ್ಡ್ ಗೋಲ್ ಅಂತಾರೆ.

ಈಗ ಯೋಚನೆ ಮಾಡಿ. ಒಂದು ಗಂಟೆಯ ಆಟ, ನಿಲ್ಲಿಸಿ ನಿಲ್ಲಿಸಿ ಮೂರು ಗಂಟೆ ಮೇಲೆ ಎಳೆಯುತ್ತೆ. ಅಷ್ಟು ಹೊತ್ತು ಉಳಿದವರು ಕೆಸರಲ್ಲಿ ಉರುಳಾಡುತ್ತಾರೆ. ಈ ಹುಡುಗ ಪಕ್ಕದಲ್ಲಿ ಬಲೆಗೆ ಒದ್ದುಕೊಂಡು ನಿಂತಿರುತ್ತಾನೆ. ಅಂಗಿಗೆ ಒಂದು ಕಲೆ ಇರೋದಿಲ್ಲ. ಕೊನೆಯ ಹತ್ತು ಸೆಕೆಂಡಿಗೆ "ಹೋಗಪ್ಪಾ" ಅಂತಾರೆ. ಗೆದ್ದರೆ ಹೆಗಲ ಮೇಲೆ ಹೊತ್ತುಕೊಂಡು ಮೆರೆಸುತ್ತಾರೆ. ಸೋತರೆ ಸೋಮವಾರ ಕ್ಲಾಸಿಗೆ ಬಂದಾಗ ಪಕ್ಕದಲ್ಲಿ ಯಾರೂ ಕೂರೋದಿಲ್ಲ.

ಚಿಕ್ಕಪೇಟೆ_ಚೇತು
ಕೈಯಲ್ಲಿ ಆಡೋದಕ್ಕೆ ಫುಟ್‌ಬಾಲ್ ಅಂತ ಹೆಸರು ಇಟ್ಟವರ ಮೇಲೆ ಮೊದಲು ಪತ್ತೇದಾರಿ ಮಾಡಬೇಕು.

ಹಳೇ_ಆಂಟೆನಾ
ಎಲ್ಲೋ ನೋಡಿದ ಮುಖ ಅಂದಿರಲ್ಲ ಮೇಡಂ, ಕಣ್ಣು ಸರಿಯಾಗೇ ಇದೆ. ಚಿಪ್ ಗಾರ್ವಿ ಪಾತ್ರ ಮಾಡಿರೋದು ಮಾರ್ಕ್ ಹಾರ್ಮನ್. ಎನ್‌ಸಿಐಎಸ್ ಅನ್ನೋ ಪತ್ತೇದಾರಿ ಧಾರಾವಾಹಿಯ ಗಿಬ್ಸ್! ಸಹೋದ್ಯೋಗಿಗಳ ತಲೆಗೆ ಹಿಂದಿನಿಂದ ಪಟ್ ಅಂತ ಹೊಡೀತಾನಲ್ಲ, ಅವನೇ. ಅದು ಶುರುವಾಗಿದ್ದು 2003ರಲ್ಲಿ. ಅಂದರೆ ನೀವು ನೋಡ್ತಾ ಇರೋದು ಅದಕ್ಕೂ ಇಪ್ಪತ್ತಾರು ವರ್ಷ ಹಿಂದಿನ ಗಿಬ್ಸ್.

ಮಜಾ ಇರೋದು ಇಲ್ಲಿ. ಆ ಹುಡುಗ ನಿಜವಾಗಿಯೂ ಕಾಲೇಜು ಫುಟ್‌ಬಾಲ್ ಆಡಿದವನು. ಲಾಸ್ ಏಂಜಲೀಸಿನ ಯುಸಿಎಲ್‌ಎ ತಂಡಕ್ಕೆ 1972, 1973 ಎರಡು ಸೀಸನ್ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಕೈಗೆ ತಗೊಂಡು ತಂಡದ ಆಟ ನಡೆಸೋನು. ಸಾಮಾನ್ಯವಾಗಿ ಟಿವಿಯಲ್ಲಿ ಆಟಗಾರನ ಪಾತ್ರಕ್ಕೆ ಚೆಂಡು ಹಿಡಿಯೋಕೂ ಬಾರದವನನ್ನು ಹಾಕಿ, ಓಡೋದಕ್ಕೆ ಡೂಪ್ ಇಟ್ಟು, ಕ್ಯಾಮೆರಾ ಆಕಾಶಕ್ಕೆ ತಿರುಗಿಸಿಬಿಡ್ತಾರೆ. ಇಲ್ಲಿ ಆ ಚಿಂತೆ ಇಲ್ಲ.

ಮಲ್ಲಿಗೆಬಳ್ಳಿ
ಅಯ್ಯೋ ಗಿಬ್ಸಾ! ನಮ್ಮ ಯಜಮಾನರು "ನಾನು ಆಗಲೇ ಹೇಳಿದ್ದೆ" ಅಂತಿದ್ದಾರೆ. ಹೇಳಿರಲಿಲ್ಲ.

ಸುಮ್ನೆ_ಓದ್ತೀನಿ
ಯಜಮಾನರೆಲ್ಲ ಹಾಗೇ.

ಲೆಕ್ಕದ_ಮೇಷ್ಟ್ರು
ಅಕ್ಕಯ್ಯ ಹೇಳಿದ್ದು ಸರಿ, ಆದರೆ ಅರ್ಧ. ಪತ್ತೇದಾರಿ ಕಥೆಗೆ ಕಿಕ್ಕರ್ ಯಾಕೆ ಒಗ್ಗುತ್ತಾನೆ ಅನ್ನೋದಕ್ಕೆ ದುಡ್ಡಿನ ಕಾರಣ ಇದೆ. ಈ ಕಂತಿನ ಕಥೆಯ ಬಗ್ಗೆ ಹೇಳ್ತಾ ಇಲ್ಲ. ನಾನು ಆ ಕಂತು ನೋಡೇ ಇಲ್ಲ. ಸಾಮಾನ್ಯವಾಗಿ ಹೇಳ್ತೀನಿ.

ಅಮೆರಿಕದ ಬಾಜಿಯಲ್ಲಿ "ಯಾರು ಗೆಲ್ತಾರೆ" ಅನ್ನೋದಕ್ಕಿಂತ "ಎಷ್ಟು ಅಂಕದಿಂದ ಗೆಲ್ತಾರೆ" ಅನ್ನೋದು ಮುಖ್ಯ. ಇದಕ್ಕೆ ಪಾಯಿಂಟ್ ಸ್ಪ್ರೆಡ್ ಅಂತಾರೆ. ನಮ್ಮ ತಂಡ ಬಲವಾದದ್ದು, ಸ್ಪ್ರೆಡ್ ಆರು ಅಂದುಕೊಳ್ಳಿ. ನಮ್ಮ ಮೇಲೆ ಕಟ್ಟಿದವನಿಗೆ ದುಡ್ಡು ಬರಬೇಕಾದರೆ ನಾವು ಆರಕ್ಕಿಂತ ಜಾಸ್ತಿ ಅಂತರದಲ್ಲಿ ಗೆಲ್ಲಬೇಕು. ಕೊನೆಯ ಎರಡು ನಿಮಿಷ, ಸ್ಕೋರು 24–20. ಕಿಕ್ಕರ್ ಬರ್ತಾನೆ. ಹೊಡೆದರೆ 27–20, ಏಳರ ಅಂತರ, ನಮ್ಮ ಕಡೆ ಕಟ್ಟಿದವರಿಗೆ ಹಬ್ಬ. ಕಂಬದ ಪಕ್ಕಕ್ಕೆ ಒಂದು ಅಡಿ ಸರಿಸಿ ಒದ್ದರೆ? 24–20ಕ್ಕೇ ನಿಲ್ಲುತ್ತೆ. ತಂಡ ಗೆದ್ದಿದೆ. ಕೋಚ್ ಖುಷಿ, ಊರು ಖುಷಿ, ಬ್ಯಾಂಡ್ ಬಾರಿಸ್ತಾರೆ. ಆ ಒಂದು ಒದೆತದ ಬಗ್ಗೆ ಯಾರೂ ಕೇಳೋದಿಲ್ಲ. ಎದುರು ಕಟ್ಟಿದವನ ಜೇಬು ಮಾತ್ರ ತುಂಬಿರುತ್ತೆ.

ತಂಡ ಸೋಲಬೇಕಾಗೇ ಇಲ್ಲ. ಅದೇ ಇದರ ಹೊಲಸು, ಅದೇ ಇದರ ಜಾಣತನ. 1951ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗರು ಸಿಕ್ಕಿಬಿದ್ದಿದ್ದು ಇದೇ ಥರದ ಕೆಲಸಕ್ಕೆ. ಹಿಂದಿನ ವರ್ಷ ತಾನೇ ದೊಡ್ಡ ಪ್ರಶಸ್ತಿ ಎರಡೂ ಗೆದ್ದಿದ್ದ ತಂಡ ಅದು.

ಆನ್_ಆರ್ಬರ್_ಅಕ್ಕಯ್ಯ
ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಆದರೆ ನಾನು ಒಪ್ಪಲ್ಲ. ನೀವು ಬಾಜಿ ದಂಧೆಯವನು ಅಂತಿಟ್ಟುಕೊಳ್ಳಿ…

ಲೆಕ್ಕದ_ಮೇಷ್ಟ್ರು
ಇಟ್ಟುಕೊಳ್ಳಲ್ಲ. ಪಿಂಚಣಿ ನಿಂತುಹೋದೀತು.

ಆನ್_ಆರ್ಬರ್_ಅಕ್ಕಯ್ಯ
ಮಾತಿಗೆ ಹೇಳಿದೆ ಮೇಷ್ಟ್ರೇ! ದುಡ್ಡು ಕೊಟ್ಟು ಕೊಳ್ಳೋದಾದರೆ ಕಿಕ್ಕರ್‌ನ ಯಾಕೆ ಕೊಳ್ತೀರಿ? ಎಷ್ಟೋ ಆಟದಲ್ಲಿ ಅವನಿಗೆ ಫೀಲ್ಡ್ ಗೋಲ್ ಹೊಡೆಯೋ ಅವಕಾಶವೇ ಬರೋದಿಲ್ಲ. ಬಂದರೂ ನಿಮಗೆ ಬೇಕಾದ ಸ್ಕೋರಿನಲ್ಲೇ ಬರಬೇಕಲ್ಲ. ಕ್ವಾರ್ಟರ್‌ಬ್ಯಾಕ್ ಆದರೆ ಪ್ರತಿ ಆಟದಲ್ಲೂ ಐವತ್ತು ಅರವತ್ತು ಸಲ ಚೆಂಡು ಮುಟ್ಟುತ್ತಾನೆ. ಎಲ್ಲಿ ಬೇಕೋ ಅಲ್ಲಿ ಕೈ ಜಾರಿಸಬಹುದು.

ಲೆಕ್ಕದ_ಮೇಷ್ಟ್ರು
ಕ್ವಾರ್ಟರ್‌ಬ್ಯಾಕ್ ನಾಲ್ಕು ಸಲ ಕೈ ಜಾರಿಸಿದರೆ ಕೋಚ್ ಅವನನ್ನು ಕೂರಿಸಿ ಇನ್ನೊಬ್ಬನನ್ನು ಇಳಿಸುತ್ತಾನೆ. ಕಿಕ್ಕರ್ ತಪ್ಪು ಮಾಡೋದು ಒಂದೇ ಸಲ. "ಗಾಳಿ ಜಾಸ್ತಿ ಇತ್ತು" ಅಂದರೆ ಮುಗೀತು.

ತುಂಟ_ತಿಮ್ಮ
ಇಬ್ಬರೂ ಸೇರಿ ದಂಧೆ ಶುರುಮಾಡೋ ಹಾಗೆ ಕಾಣ್ತಿದೆ. ನನಗೊಂದು ಪಾಲು ಇಡಿ.

ಬಾಡಿಗೆ_ಪುಸ್ತಕ
ಫುಟ್‌ಬಾಲ್ ಗೊತ್ತಿಲ್ಲ, ನ್ಯಾನ್ಸಿ ಗೊತ್ತು. ಎಂಬತ್ತರ ದಶಕದಲ್ಲಿ ನಮ್ಮ ಬಡಾವಣೆಯ ಬಾಡಿಗೆ ಲೈಬ್ರರಿಯಲ್ಲಿ ಹಳದಿ ಬೆನ್ನಿನ ನ್ಯಾನ್ಸಿಗಳು, ನೀಲಿ ಬೆನ್ನಿನ ಹಾರ್ಡಿಗಳು. ಲೈಬ್ರರಿ ಆಂಟಿ ಪುಸ್ತಕ ವಾಪಸ್ ತಗೊಳ್ಳುವಾಗ ಕೊನೆಯ ಹಾಳೆ ಇದೆಯಾ ಅಂತ ಮೊದಲು ನೋಡುತ್ತಿದ್ದರು. ಯಾಕೆಂದರೆ ನನ್ನ ತಮ್ಮ ಒಂದು ಪುಸ್ತಕದ ಕೊನೆಯ ಹಾಳೆ ಹರಿದು ಜೇಬಿಗೆ ಹಾಕಿಕೊಂಡಿದ್ದ. ನನಗೆ ಗೊತ್ತಾಗಬಾರದು ಅಂತ, ಅಷ್ಟೇ ಕಾರಣ. ಐದು ರೂಪಾಯಿ ದಂಡ. ಅಪ್ಪ ಕೊಟ್ಟ ಏಟು ಬೇರೆ.

ಹೇಳೋಕೆ ಬಂದಿದ್ದು ಬೇರೆ. ಪುಸ್ತಕದಲ್ಲಿ ಫುಟ್‌ಬಾಲ್ ಆಡೋ ಹುಡುಗ ಅಂದರೆ ನೆಡ್ ನಿಕರ್ಸನ್. ನ್ಯಾನ್ಸಿಯ ಗೆಳೆಯ, ಎಮರ್ಸನ್ ಕಾಲೇಜಿನ ಆಟಗಾರ. ಪಂದ್ಯ ಇದೆ ಬಾ ಅಂತ ಅವಳನ್ನು ಕರೀತಾನೆ, ಅವಳು ಹೋಗ್ತಾಳೆ, ಅಲ್ಲೂ ಏನೋ ಒಂದು ಅನುಮಾನದ ವ್ಯಕ್ತಿ ಕಣ್ಣಿಗೆ ಬೀಳ್ತಾನೆ. ಪಾಪ ಆ ನೆಡ್ ಆಡಿದ್ದನ್ನು ಅವಳು ನೆಟ್ಟಗೆ ನೋಡಿದ್ದೇ ಇಲ್ಲ. ಟಿವಿಯಲ್ಲಿ ನೆಡ್ ಇಲ್ಲವಾ?

ಹಳೇ_ಆಂಟೆನಾ
ಇದ್ದಾನೆ. ಆದರೆ ಅವನ ಹೆಲ್ಮೆಟ್ ಕಿತ್ತುಕೊಂಡು ಕೈಗೆ ಫೈಲು ಕೊಟ್ಟಿದ್ದಾರೆ! ಟಿವಿಯ ನೆಡ್, ನ್ಯಾನ್ಸಿಯ ಅಪ್ಪ ವಕೀಲ ಕಾರ್ಸನ್ ಡ್ರೂ ಹತ್ತಿರ ಕೆಲಸ ಮಾಡೋ ಹುಡುಗ. ಫುಟ್‌ಬಾಲ್ ಕಥೆ ಬಂದಾಗ ಮೈದಾನಕ್ಕೆ ಇಳಿಯೋಕೆ ಹೊರಗಿನ ಹುಡುಗ ಬೇಕಾಯ್ತು.

ಬಾಡಿಗೆ_ಪುಸ್ತಕ
ಇದು ಅನ್ಯಾಯ. ನೆಡ್‌ಗೆ ಇದ್ದಿದ್ದೇ ಅದೊಂದು ಗುಣ.

ಸುಮ್ನೆ_ಓದ್ತೀನಿ
ನೆಡ್ ಪರವಾಗಿ ನಾನೂ ಒಂದು ಸಹಿ.

ಹಳೇ_ಆಂಟೆನಾ
ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಎಬಿಸಿ ಚಾನೆಲ್ಲಿನಲ್ಲಿ 1977ರ ಜನವರಿ 30ಕ್ಕೆ ಶುರು, ಭಾನುವಾರ ಸಂಜೆ ಏಳಕ್ಕೆ. ಒಂದು ವಾರ ಹಾರ್ಡಿ ಹುಡುಗರು, ಮುಂದಿನ ವಾರ ನ್ಯಾನ್ಸಿ. ಹುಡುಗರಾಗಿ ಶಾನ್ ಕ್ಯಾಸಿಡಿ, ಪಾರ್ಕರ್ ಸ್ಟೀವನ್ಸನ್. ನ್ಯಾನ್ಸಿಯಾಗಿ ಪಮೇಲಾ ಸೂ ಮಾರ್ಟಿನ್. ಅದೇ ವರ್ಷ ಕ್ಯಾಸಿಡಿಯ ಹಾಡು ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಹುಡುಗಿಯರ ಕೋಣೆಯ ಗೋಡೆ ತುಂಬಾ ಅವನ ಪೋಸ್ಟರು. ಆಮೇಲೆ ಏನಾಯ್ತು ಅಂತ ನೀವೇ ಊಹಿಸಿ. ಎರಡನೇ ಸೀಸನ್ನಿನಲ್ಲಿ ಇಬ್ಬರ ಕಥೆಯನ್ನೂ ಕಲಸಿದರು, ಪಮೇಲಾ ಮಧ್ಯದಲ್ಲೇ ಬಿಟ್ಟಳು, ಜಾನೆಟ್ ಲೂಯಿಸ್ ಜಾನ್ಸನ್ ಕೆಲವು ಕಂತು ಮಾಡಿದಳು, ಮೂರನೇ ಸೀಸನ್ನಿಗೆ ನ್ಯಾನ್ಸಿಯ ಹೆಸರೇ ಹೋಯ್ತು. ಬರೀ ಹಾರ್ಡಿ ಬಾಯ್ಸ್. 1979ರ ಜನವರಿಗೆ ಅದೂ ಮುಗೀತು.

ಅದಕ್ಕೇ ಹೇಳೋದು, ನಿಮ್ಮ ಕೈಯಲ್ಲಿರೋ ಮೊದಲ ಸೀಸನ್ನೇ ನ್ಯಾನ್ಸಿಯ ನಿಜವಾದ ಸೀಸನ್. ಏಳು ಕಂತು ಪೂರ್ತಿ ಅವಳದ್ದು. ಅದರಲ್ಲಿ ಈ ಫುಟ್‌ಬಾಲ್ ಕಥೆ ನನಗೆ ಇಷ್ಟ. ದೆವ್ವದ ಮನೆ ಇಲ್ಲ, ಮಾಟಗಾತಿ ಇಲ್ಲ.

ಚಿಕ್ಕಪೇಟೆ_ಚೇತು
ಪುಸ್ತಕದಲ್ಲೂ ಹುಡುಗರೇ ಮೊದಲು ಬಂದಿದ್ದಲ್ವಾ?

ಬಾಡಿಗೆ_ಪುಸ್ತಕ
ಹೌದು. ಹಾರ್ಡಿಗಳು 1927, ನ್ಯಾನ್ಸಿ 1930. ಎರಡೂ ಒಂದೇ ಕಾರ್ಖಾನೆ. ಎಡ್ವರ್ಡ್ ಸ್ಟ್ರೇಟ್‌ಮೇಯರ್ ಅನ್ನೋ ಮನುಷ್ಯ ಕಥೆಯ ಎಲುಬು ಬರೆದು ಕೊಡುತ್ತಿದ್ದ, ಬೇರೆಯವರು ಮಾಂಸ ತುಂಬುತ್ತಿದ್ದರು. ಮೊದಲ ನ್ಯಾನ್ಸಿಗಳನ್ನು ಬರೆದ ಮಿಲ್‌ಡ್ರೆಡ್ ಬೆನ್ಸನ್‌ಗೆ ಪುಸ್ತಕಕ್ಕೆ 125 ಡಾಲರ್. ರಾಯಧನ ಇಲ್ಲ, ಮುಖಪುಟದಲ್ಲಿ ಹೆಸರೂ ಇಲ್ಲ. ಮುಖಪುಟದಲ್ಲಿ ಲೇಖಕಿ ಅಂತ ಹಾಕಿದ್ದ ಕ್ಯಾರೊಲಿನ್ ಕೀನ್ ಅನ್ನೋ ಹೆಂಗಸು ಇರಲೇ ಇಲ್ಲ! ನನಗೆ ಇದು ಗೊತ್ತಾದಾಗ ಮೂವತ್ತು ದಾಟಿತ್ತು. ಒಂದು ದಿನ ಪೂರ್ತಿ ಮನಸ್ಸು ಸರಿ ಇರಲಿಲ್ಲ. ಚಿಕ್ಕವಳಿದ್ದಾಗ ಅವರಿಗೆ ಕಾಗದ ಬರೆದು, ಇಂಗ್ಲಿಷು ತಪ್ಪಾಗಿದೆಯೇನೋ ಅಂತ ಅಂಚೆಗೆ ಹಾಕಿರಲಿಲ್ಲ.

ಮಲ್ಲಿಗೆಬಳ್ಳಿ
ಛೇ. ಮಗಳಿಗೆ ಓದಿ ಹೇಳಿದೆ. "ಅಂದ್ರೆ ಬರೆದವರೇ ಒಂದು ಮಿಸ್ಟರಿ" ಅಂದಳು.

ಕೊಡಗಿನ_ಗೋಲಿ
ನಾನು ಸುಮಾರು ವರ್ಷ ಹಾಕಿ ಗೋಲ್‌ಕೀಪರ್. ವಿರಾಜಪೇಟೆ ಕಡೆ. ಆ ಕಿಕ್ಕರ್ ಹುಡುಗನ ಸಂಕಟ ನನಗೆ ಅರ್ಥ ಆಗುತ್ತೆ. ನಮ್ಮ ಮನೆತನಗಳ ಹಾಕಿ ಹಬ್ಬದಲ್ಲಿ ಒಂದು ಸಲ ಪೂರ್ತಿ ಆಟ ಏನೂ ಬಿಟ್ಟಿರಲಿಲ್ಲ. ಕೊನೆಗೆ ಒಂದು ಚೆಂಡು ಪ್ಯಾಡಿಗೆ ತಾಗಿ ಕಾಲಿನ ಸಂದಿಯಲ್ಲಿ ಮೆಲ್ಲಗೆ, ಬಹಳ ಮೆಲ್ಲಗೆ, ಒಳಗೆ ಹೋಯ್ತು. ತಿರುಗಿ ನೋಡ್ತಾ ಇದ್ದೀನಿ, ಹೋಗ್ತಾನೇ ಇದೆ. ಹತ್ತು ವರ್ಷ ಆಯ್ತು. ಈಗಲೂ ಮದುವೆ ಮನೆಯಲ್ಲಿ ದೊಡ್ಡಪ್ಪ ಒಬ್ಬರು ನನ್ನ ನೋಡಿದ ಕೂಡಲೇ ಕಾಲು ಅಗಲ ಮಾಡಿ ನಿಂತು ತೋರಿಸ್ತಾರೆ.

ಮುಂದಾಳುಗಳು ಮೂರು ಖಾಲಿ ಗೋಲು ತಪ್ಪಿಸಿದ್ದು ಯಾರಿಗೂ ನೆನಪಿಲ್ಲ.

ಸುಮ್ನೆ_ಓದ್ತೀನಿ
"ಹೋಗ್ತಾನೇ ಇದೆ" 😂

ಆನ್_ಆರ್ಬರ್_ಅಕ್ಕಯ್ಯ
ಗೋಲಿ, ನಿಮ್ಮ ಮಾತು ಕೇಳಿ 2015ರ ಅಕ್ಟೋಬರ್ 17 ನೆನಪಾಯ್ತು. ನಮ್ಮೂರ ಮಿಷಿಗನ್ ವಿಶ್ವವಿದ್ಯಾಲಯದ ತಂಡ, ಪಕ್ಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ. ದಾಯಾದಿಗಳ ಜಗಳ. ಮೈದಾನದಲ್ಲಿ ಒಂದು ಲಕ್ಷಕ್ಕೂ ಮೇಲೆ ಜನ, ಅದರಲ್ಲಿ ನಾವು ನಾಲ್ಕು ಮಂದಿ ಕನ್ನಡದವರು, ಬ್ಯಾಗಿನಲ್ಲಿ ಕೋಡುಬಳೆ. ನಾವು 23–21 ಮುಂದೆ. ಹತ್ತು ಸೆಕೆಂಡ್ ಬಾಕಿ. ಚೆಂಡನ್ನು ದೂರಕ್ಕೆ ಒದ್ದರೆ ಆಯ್ತು, ಮನೆಗೆ ಹೋಗಬಹುದು. ಜನ ಆಗಲೇ ಕೋಟು ಹಾಕಿಕೊಳ್ತಾ ಇದ್ದರು. ಹಿಂದಕ್ಕೆ ಎಸೆದ ಚೆಂಡು ತಗ್ಗಾಗಿ ಬಂತು, ಒದೆಯೋ ಹುಡುಗನ ಕೈಯಿಂದ ಜಾರಿತು, ಆ ಕಡೆಯವನು ಎತ್ತಿಕೊಂಡು ಓಡಿ ಅಂಗಳ ಸೇರಿದ. 27–23. ಮುಗೀತು.

ಲಕ್ಷ ಜನ ಒಟ್ಟಿಗೆ ಸುಮ್ಮನಾದರೆ ಹೇಗಿರುತ್ತೆ ಗೊತ್ತಾ? ನನ್ನ ಬಾಯಲ್ಲಿ ಕೋಡುಬಳೆ ಇತ್ತು. ಅದನ್ನು ಕಡಿಯೋಕೆ ಭಯ ಆಯ್ತು, ಸದ್ದು ಎಲ್ಲರಿಗೂ ಕೇಳುತ್ತೆ ಅಂತ.

ಲೆಕ್ಕದ_ಮೇಷ್ಟ್ರು
ಅವನು ಕಿಕ್ಕರ್ ಅಲ್ಲ ಅಕ್ಕಯ್ಯ, ಪಂಟರ್. ಬೇರೆ ಬೇರೆ ಕೆಲಸ. ಕಿಕ್ಕರ್ ಒದೆಯೋದು ಅಂಕಕ್ಕೆ, ಪಂಟರ್ ಒದೆಯೋದು ಚೆಂಡನ್ನು ದೂರ ಕಳಿಸೋಕೆ.

ಆನ್_ಆರ್ಬರ್_ಅಕ್ಕಯ್ಯ
ಗೊತ್ತು ಮೇಷ್ಟ್ರೇ, ಅವತ್ತು ಅಲ್ಲಿ ಕೂತಿದ್ದು ನಾನು. ಬೈಯುವವರಿಗೆ ಇಬ್ಬರೂ ಒಂದೇ.

ಕಿಕ್ಕರ್‌ದೇ ಬೇಕಾ? 2013ರ ನವೆಂಬರ್ 30, ಆಬರ್ನ್ ಮತ್ತು ಅಲಬಾಮಾ. 28–28. ಒಂದೇ ಒಂದು ಸೆಕೆಂಡ್ ಉಳಿದಿತ್ತು. ಅಲಬಾಮಾ 57 ಗಜದಿಂದ ಒದೆಸಿತು. ತಲುಪಲಿಲ್ಲ. ಕಂಬದ ಕೆಳಗೆ ಕಾಯುತ್ತಿದ್ದ ಆಬರ್ನ್ ಹುಡುಗ ಹಿಡಿದುಕೊಂಡು ಇಡೀ ಮೈದಾನ ಓಡಿ ಈ ತುದಿಗೆ ತಂದ. 34–28. ಒದ್ದಿದ್ದಕ್ಕೆ ಮೂರು ಬರಬೇಕಿತ್ತು, ಎದುರಿನವರಿಗೆ ಆರು ಹೋಯ್ತು. ಅದಕ್ಕೆ ಈಗ "ಕಿಕ್ ಸಿಕ್ಸ್" ಅಂತಲೇ ಹೆಸರು.

ಹಳೇ_ಆಂಟೆನಾ
ಮಿಷಿಗನ್ ಅಂದ್ರಲ್ಲ ಅಕ್ಕಯ್ಯ, ನಮ್ಮ ಕಂತಿಗೂ ನಿಮ್ಮೂರಿಗೂ ಒಂದು ಕೊಂಡಿ ಇದೆ. ಚಿಪ್ ಗಾರ್ವಿಯ ಅಪ್ಪ. ಅಂದರೆ ಮಾರ್ಕ್ ಹಾರ್ಮನ್ ಅಪ್ಪ, ಟಾಮ್ ಹಾರ್ಮನ್.

ಆನ್_ಆರ್ಬರ್_ಅಕ್ಕಯ್ಯ
ಏನು! ಆ 98 ನಂಬರಿನ ಹಾರ್ಮನ್? ಅವನ ಮಗನಾ ಗಿಬ್ಸು? ಹದಿನೆಂಟು ವರ್ಷ ಇಲ್ಲಿದ್ದು ನನಗೆ ಯಾರೂ ಹೇಳಲಿಲ್ಲವಲ್ಲ!

ಹಳೇ_ಆಂಟೆನಾ
ಅವನೇ. 1940ರ ಹೈಸ್‌ಮನ್ ಟ್ರೋಫಿ. ಕಾಲೇಜು ಫುಟ್‌ಬಾಲಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಆಗ ಒಬ್ಬನೇ ಎಲ್ಲ ಮಾಡಬೇಕಿತ್ತು. ಓಡು, ಎಸೆ, ತಡೆ, ಒದೆ. ಕೊನೆಯ ಪಂದ್ಯ ಒಹಾಯೊ ಸ್ಟೇಟ್ ವಿರುದ್ಧ, ಅವರದೇ ಅಂಗಳದಲ್ಲಿ. ಮಿಷಿಗನ್ 40–0. ಇವನು ಓಡಿ ಮೂರು ಟಚ್‌ಡೌನ್, ಎಸೆದು ಎರಡು, ಒದ್ದು ನಾಲ್ಕು ಅಂಕ. ಎದುರಾಳಿಯ ಊರಿನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಆಮೇಲೆ ಯುದ್ಧ. ವಾಯುಪಡೆಯ ಪೈಲಟ್ ಆದ. 1943ರಲ್ಲಿ ಎರಡು ಸಲ ವಿಮಾನ ಬಿತ್ತು. ಒಂದು ಸಲ ದಕ್ಷಿಣ ಅಮೆರಿಕದ ಕಾಡಿನಲ್ಲಿ, ಒಂದು ಸಲ ಚೀನಾದಲ್ಲಿ. ಎರಡೂ ಸಲ ಬದುಕಿ ಬಂದ. 1944ರಲ್ಲಿ ನಟಿ ಎಲೀಸ್ ನಾಕ್ಸ್ ಜೊತೆ ಮದುವೆ. ಮದುಮಗಳ ಉಡುಪು ಯಾವುದರಿಂದ ಹೊಲಿದದ್ದು ಗೊತ್ತಾ? ಅವನ ಪ್ಯಾರಾಚೂಟಿನ ರೇಷ್ಮೆಯಿಂದ.

ಬಾಡಿಗೆ_ಪುಸ್ತಕ
ಅಯ್ಯೋ. ಗಂಡನ ಜೀವ ಉಳಿಸಿದ ಬಟ್ಟೆಯನ್ನೇ ಉಟ್ಟು ಮದುವೆ. ಇದನ್ನು ಕಥೆಯಲ್ಲಿ ಬರೆದರೆ "ಅತಿ ಆಯ್ತು" ಅಂತ ಸಂಪಾದಕರು ಹೊಡೆದು ಹಾಕ್ತಾರೆ.

ಮಲ್ಲಿಗೆಬಳ್ಳಿ
ಮೈಸೂರಿನವಳಾಗಿ ಕೇಳಲೇಬೇಕು. ರೇಷ್ಮೆ ಎಲ್ಲಿಯದು?

ತುಂಟ_ತಿಮ್ಮ
ಮೇಡಂ, ನ್ಯಾನ್ಸಿಯನ್ನ ಕೇಳಿ. ಅಂಚು ನೋಡಿ ಹೇಳಿಬಿಡ್ತಾಳೆ.

ಹಳೇ_ಆಂಟೆನಾ
ಇನ್ನೊಂದು ಇದೆ, ಹೇಳದೆ ಇದ್ದರೆ ನಿದ್ದೆ ಬರಲ್ಲ. ಮಾರ್ಕ್‌ನ ಅಕ್ಕ ಕ್ರಿಸ್ಟಿನ್ ಮದುವೆಯಾಗಿದ್ದು ಹಾಡುಗಾರ ರಿಕ್ ನೆಲ್ಸನ್‌ನ. ಆ ರಿಕ್ ನೆಲ್ಸನ್ ಇದೇ ಮೊದಲ ಸೀಸನ್ನಿನ ಒಂದು ಹಾರ್ಡಿ ಬಾಯ್ಸ್ ಕಂತಿನಲ್ಲಿ ಅತಿಥಿ ನಟ. ಭಾವ ಹಾರ್ಡಿಗಳ ಕಡೆ, ಬಾಮೈದ ನ್ಯಾನ್ಸಿ ಕಡೆ. ನಿಮ್ಮ ಪೆಟ್ಟಿಗೆಯಲ್ಲೇ ಅದೂ ಇದೆ ಮೇಡಂ.

ಚಿಕ್ಕಪೇಟೆ_ಚೇತು
ಅಂದರೆ ಅಪ್ಪ ಸ್ಟಾರ್ ಆಟಗಾರ, ಅಮ್ಮ ನಟಿ, ಭಾವ ಹಾಡುಗಾರ. ನಮ್ಮ ಸಿನಿಮಾ ಮನೆತನಗಳ ಥರಾನೇ. ಹುಡುಗ ಆಟ ಆಡಿದ್ದೂ ಅಪ್ಪನ ಹೆಸರಿನ ಮೇಲೇ ಇರಬೇಕು ಬಿಡಿ.

ಹಳೇ_ಆಂಟೆನಾ
ಅದು ಆಗೋದಿಲ್ಲ ಚೇತು. ಮೊದಲು ಲಾಸ್ ಏಂಜಲೀಸಿನಲ್ಲಿ ಎರಡು ವರ್ಷದ ಕೋರ್ಸಿನ ಸಣ್ಣ ಕಾಲೇಜೊಂದರಲ್ಲಿ ಆಡಿ, ಅಲ್ಲಿಂದ ಯುಸಿಎಲ್‌ಎಗೆ ಬಂದವನು. ಇಳಿಸಿದ ಮೊದಲ ಪಂದ್ಯ ಯಾರ ಮೇಲೆ ಗೊತ್ತಾ? 1972ರ ಸೆಪ್ಟೆಂಬರ್ 9, ನೆಬ್ರಾಸ್ಕಾ. ಹಿಂದಿನ ಎರಡೂ ವರ್ಷದ ರಾಷ್ಟ್ರೀಯ ಚಾಂಪಿಯನ್. 32 ಪಂದ್ಯದಿಂದ ಸೋತೇ ಇರಲಿಲ್ಲ. ಅವರನ್ನು ಯುಸಿಎಲ್‌ಎ 20–17ಕ್ಕೆ ಸೋಲಿಸಿತು. ಅಪ್ಪನ ಹೆಸರು ಹೇಳಿದರೆ ನೆಬ್ರಾಸ್ಕಾದವರು ದಾರಿ ಬಿಡ್ತಾರಾ?

ಈಗ ಮೂಲ ಪ್ರಶ್ನೆಗೆ ಬರ್ತೀನಿ. ಆ ಗೆಲುವಿನ ಮೂರು ಅಂಕ ಯಾರದು? ಕಿಕ್ಕರ್‌ದು! ಎಫ್ರೆನ್ ಹೆರೆರಾ, ಮೆಕ್ಸಿಕೊದಲ್ಲಿ ಹುಟ್ಟಿದ ಹುಡುಗ. ಸ್ಕೋರು 17–17, 22 ಸೆಕೆಂಡ್ ಬಾಕಿ, 30 ಗಜದಿಂದ ಒದ್ದ. ಅಂದರೆ ಮಾರ್ಕ್ ಹಾರ್ಮನ್ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದೇ ಒಬ್ಬ ಕಿಕ್ಕರ್‌ನ ಕಾಲಿನಿಂದ. ಐದು ವರ್ಷ ಆದ ಮೇಲೆ ಅವನನ್ನೇ ಕರೆದು ಕಿಕ್ಕರ್ ಕಥೆಯಲ್ಲಿ ಹಾಕಿದ್ದಾರೆ. ಬರೆದವರು ಇದನ್ನು ಯೋಚಿಸಿ ಮಾಡಿದರೋ ಇಲ್ಲವೋ, ನನಗಂತೂ ನೋಡುವಾಗ ಆ ಋಣ ತೀರಿಸ್ತಾ ಇದ್ದಾನೆ ಅನ್ನಿಸ್ತು.

ಲೆಕ್ಕದ_ಮೇಷ್ಟ್ರು
ಹೆರೆರಾ ಅಂದ ಕೂಡಲೇ ನನ್ನ ವಾದಕ್ಕೆ ಬಲ ಬಂತು ನೋಡಿ. ಅದೇ ಹೆರೆರಾ ಆಮೇಲೆ ಡಲ್ಲಾಸ್ ತಂಡ ಸೇರಿದ. 1978ರ ಜನವರಿಯ ಸೂಪರ್ ಬೌಲ್, ವರ್ಷದ ಅತಿ ದೊಡ್ಡ ಪಂದ್ಯ. ಎರಡು ಫೀಲ್ಡ್ ಗೋಲ್ ಹೊಡೆದ, ಮೂರು ತಪ್ಪಿಸಿದ. ಒಂಬತ್ತು ಅಂಕ ಹೋಯ್ತು. ಯಾರಾದರೂ ಬೈದರಾ? ಇಲ್ಲ. ಯಾಕೆ? ಡಲ್ಲಾಸ್ 27–10 ಗೆದ್ದಿತು. ತಂಡ ಗೆದ್ದರೆ ತಪ್ಪಿದ ಒದೆತಕ್ಕೆ ನೆನಪೇ ಇಲ್ಲ. ಅವನು ನೇರ ಮನುಷ್ಯ, ಅವನ ಮೇಲೆ ಅನುಮಾನ ಇಲ್ಲ. ನಾನು ಹೇಳೋದು, ಕೆಟ್ಟ ಮನಸ್ಸಿನವನಿಗೆ ಅಡಗೋಕೆ ಇಷ್ಟು ಒಳ್ಳೆ ಜಾಗ ಬೇರೆ ಇಲ್ಲ ಅಂತ.

ಕೊಡಗಿನ_ಗೋಲಿ
ಮೇಷ್ಟ್ರೇ, ಅದೇ ಮಾತನ್ನು ತಿರುಗಿಸಿ ನೋಡಿ. ಕೆಟ್ಟವನಿಗೆ ಅಡಗೋ ಜಾಗ ಅಂದರೆ ಒಳ್ಳೆಯವನಿಗೆ ಸಾಬೀತು ಮಾಡೋಕೆ ಆಗದ ಜಾಗ. ನಿಜವಾಗಿ ಗಾಳಿ ಬಂದು ತಪ್ಪಿದ್ದರೆ ಹೇಗೆ ತೋರಿಸ್ತಾನೆ? ಬೇಕಂತ ಬಿಟ್ಟೆ ಅಂತ ದೊಡ್ಡಪ್ಪ ಹೇಳಿದರೆ ನಾನು ಏನು ಪುರಾವೆ ಕೊಡಲಿ? ಕಾಲು ನನ್ನದು, ಚೆಂಡು ಒಳಗಿದೆ. ಪತ್ತೇದಾರಿ ಕಥೆಗೆ ಬೇಕಾಗಿದ್ದು ಅದೇ ಅಲ್ವಾ? ಎಲ್ಲರೂ ನೋಡಿದ್ದಾರೆ, ಆದರೂ ಒಳಗೆ ಏನಾಯ್ತು ಅಂತ ಯಾರಿಗೂ ಗೊತ್ತಿಲ್ಲ.

ಬಾಡಿಗೆ_ಪುಸ್ತಕ
ಗೋಲಿ, ನಿಮಗೆ ಈ ಪುಟದ ಬಹುಮಾನ. ದೊಡ್ಡಪ್ಪನಿಗೆ ತೋರಿಸಿ.

ಆನ್_ಆರ್ಬರ್_ಅಕ್ಕಯ್ಯ
ನಾನು ಅರ್ಧ ಒಪ್ಪಿದೆ. ಇನ್ನರ್ಧ ಇಲ್ಲಿದೆ ಕೇಳಿ. ನೀವೆಲ್ಲ ಕಿಕ್ಕರ್ ಒಬ್ಬಂಟಿ ಅಂತಿದ್ದೀರಲ್ಲ, ಅದೇ ತಪ್ಪು.

ಫೀಲ್ಡ್ ಗೋಲಿಗೆ ಮೂವರು ಬೇಕು. ಮುಂದೆ ಬಗ್ಗಿ ನಿಂತವನು ಕಾಲಿನ ಮಧ್ಯದಿಂದ ಚೆಂಡನ್ನು ಹಿಂದಕ್ಕೆ ಎಸೀತಾನೆ. ಏಳು ಗಜ ಹಿಂದೆ ಒಬ್ಬ ಮಂಡಿ ಊರಿ ಕೂತಿರ್ತಾನೆ, ಅವನು ಹೋಲ್ಡರ್. ಹಿಡಿದು, ನೆಲಕ್ಕೆ ಊರಿ, ಚೆಂಡಿನ ಮೇಲಿರೋ ಲೇಸಿನ ಹೊಲಿಗೆಯನ್ನು ಕಂಬದ ಕಡೆ ತಿರುಗಿಸಿ, ಒಂದು ಬೆರಳಿನಲ್ಲಿ ನಿಲ್ಲಿಸಬೇಕು. ಲೇಸು ಒದೆಯೋ ಕಡೆ ಇದ್ದರೆ ಚೆಂಡು ನೆಟ್ಟಗೆ ಹೋಗೋ ನಂಬಿಕೆ ಇಲ್ಲ. ಇಷ್ಟೆಲ್ಲ ಆಗಿ ಚೆಂಡು ಕಾಲಿನಿಂದ ಹಾರೋಕೆ ಒಂದೂವರೆ ಸೆಕೆಂಡೂ ಸಿಗಲ್ಲ. ಎದುರಿನಿಂದ ಗೂಳಿಗಳ ಥರ ನುಗ್ಗಿ ಬರ್ತಿರ್ತಾರೆ.

ನಾನು ದಂಧೆಯವಳಾದರೆ, ಮಾತಿಗೆ ಹೇಳ್ತೀನಿ ಮೇಷ್ಟ್ರೇ, ಕಿಕ್ಕರ್‌ನ ಕೊಳ್ಳಲ್ಲ. ಹೋಲ್ಡರ್‌ನ ಕೊಳ್ತೀನಿ. ಲೇಸು ಸ್ವಲ್ಪ ತಿರುಗಿಸಿ ಹಿಡಿ ಅಂತೀನಿ. ಚೆಂಡು ಪಕ್ಕಕ್ಕೆ ಹೋಗುತ್ತೆ, ಲಕ್ಷ ಜನ ಕಿಕ್ಕರ್‌ಗೆ ಬೈತಾರೆ, ಹೋಲ್ಡರ್ ಎದ್ದು ಮಂಡಿಯ ಹುಲ್ಲು ಕೊಡವಿಕೊಂಡು ಹೋಗ್ತಾನೆ. ಅವನ ಹೆಸರು ಏನು ಅಂತಲೂ ಯಾರಿಗೂ ಗೊತ್ತಿಲ್ಲ.

ಲೆಕ್ಕದ_ಮೇಷ್ಟ್ರು
…ಸೋತೆ.

ತುಂಟ_ತಿಮ್ಮ
ಅಕ್ಕಯ್ಯ, ನಿಮ್ಮ ಮನೆಗೆ ಬಂದಾಗ ಕಾಫಿ ಕುಡಿಯೋಕೂ ಯೋಚನೆ ಮಾಡಬೇಕು.

ಮಲ್ಲಿಗೆಬಳ್ಳಿ
ಯಾರೂ ಹೋಲ್ಡರ್ ಬಗ್ಗೆ ಇನ್ನೇನೂ ಹೇಳಬೇಡಿ!! ಇದೇ ಕಥೆಯಾಗಿದ್ದರೆ?

ಹಳೇ_ಆಂಟೆನಾ
ನಾನು ಬಾಯಿಗೆ ಬೀಗ ಹಾಕಿದ್ದೀನಿ ಮೇಡಂ. ಹೌದು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ.

ಚಿಕ್ಕಪೇಟೆ_ಚೇತು
ಒಂದು ವಿಷಯ ಮಾತ್ರ ಯಾರೂ ಹೇಳಲಿಲ್ಲ. ಹೆರೆರಾ ಮೆಕ್ಸಿಕೊದವನು ಅಂದ್ರಿ. ಅಂದರೆ ಒದೆಯೋದು ಕಲಿತಿದ್ದು ನಮ್ಮ ಫುಟ್‌ಬಾಲಿನಿಂದ ತಾನೆ?

ಲೆಕ್ಕದ_ಮೇಷ್ಟ್ರು
ಅದು ಮಾತ್ರ ನಿಮ್ಮ ಗೆಲುವು. ಮೊದಲೆಲ್ಲ ಕಿಕ್ಕರ್‌ಗಳು ನೇರ ಓಡಿಬಂದು ಕಾಲ್ಬೆರಳಿನಿಂದ ಒದೆಯುತ್ತಿದ್ದರು. ಅರವತ್ತರ ದಶಕದಲ್ಲಿ ಹಂಗೇರಿಯಿಂದ ಬಂದ ಪೀಟ್ ಗೊಗೊಲಾಕ್, ಕಾರ್ನೆಲ್ ಕಾಲೇಜಿನ ಹುಡುಗ, ಪಕ್ಕದಿಂದ ಓಡಿಬಂದು ಪಾದದ ಮೇಲ್ಭಾಗದಿಂದ ಒದೆಯೋದನ್ನು ತಂದ. ನಿಮ್ಮ ಫುಟ್‌ಬಾಲ್ ಶೈಲಿ. ಮೊದಲು ಕೆಲವರು ನಕ್ಕರು. ಈಗ ಬೆರಳಿನಿಂದ ಒದೆಯೋನು ಒಬ್ಬನೂ ಇಲ್ಲ.

ಚಿಕ್ಕಪೇಟೆ_ಚೇತು
ಮೊದಲ ಉತ್ತರದಲ್ಲೇ ನಾನು ಹೇಳಿದ್ದೆ. ಯಾರೂ ಕೇಳಲಿಲ್ಲ.

ಸುಮ್ನೆ_ಓದ್ತೀನಿ
ಹೇಳಿರಲಿಲ್ಲ.

ಮಲ್ಲಿಗೆಬಳ್ಳಿ
ಸಂಜೆಯ ವರದಿ. ಮಗಳಿಗೆ ಎಲ್ಲ ಓದಿ ಹೇಳಿದೆ. ಈಗ ತಾರಸಿಯಲ್ಲಿ ಪ್ರಯೋಗ ನಡೀತಿದೆ. ಅಪ್ಪನ ಎರಡು ಜೊತೆ ಕಾಲುಚೀಲ ಸುತ್ತಿ ಚೆಂಡು. ಬಟ್ಟೆ ಒಣಗಿಸೋ ತಂತಿ ಅಡ್ಡ ಕಂಬ. ತಮ್ಮ ಹೋಲ್ಡರ್, ಮಂಡಿ ಊರಿ ಕೂತಿದ್ದಾನೆ. ಆರು ಒದ್ದಳು, ನಾಲ್ಕು ತಂತಿ ದಾಟಿತು. ಐದನೆಯದು ಪಕ್ಕದ ಮನೆಯ ಹಪ್ಪಳದ ಚಾಪೆ ಮೇಲೆ. ಆರನೆಯದು ಎಲ್ಲಿಗೂ ಹೋಗಲಿಲ್ಲ, ಒದೆಯೋ ಹೊತ್ತಿಗೆ ತಮ್ಮ ಚೆಂಡು ಎಳೆದುಕೊಂಡ. ಅವಳು ಬಿದ್ದಳು. "ಅಕ್ಕಯ್ಯ ಆಂಟಿ ಸರಿಯಾಗೇ ಹೇಳಿದ್ರು, ಹೋಲ್ಡರೇ ಕಳ್ಳ" ಅಂತ ಅವನನ್ನು ಅಟ್ಟಿಸಿಕೊಂಡು ಹೋಗ್ತಿದ್ದಾಳೆ.

ಆನ್_ಆರ್ಬರ್_ಅಕ್ಕಯ್ಯ
ಮಂಡಿ ತರಚಿದ್ದರೆ ಅರಿಶಿನ ಹಚ್ಚಿ. ಹುಡುಗನಿಗೆ ಏನು ಲಂಚ ಸಿಕ್ಕಿತು ಅಂತ ವಿಚಾರಿಸಿ.

ಮಲ್ಲಿಗೆಬಳ್ಳಿ
ವಿಚಾರಿಸಿದೆ. ಒಂದು ಚಿಕ್ಕಿ. ಕೊಟ್ಟಿದ್ದು ಅವರಪ್ಪ. ಕಾಲುಚೀಲ ಹೋದ ಸಿಟ್ಟಿಗೆ.

ಬಾಡಿಗೆ_ಪುಸ್ತಕ
ಕೇಸ್ ಮುಗೀತು!

ಮಲ್ಲಿಗೆಬಳ್ಳಿ
ಕರೆಂಟ್ ಬಂತು!! ಹೋಗ್ತೀನಿ. ನಾಳೆವರೆಗೂ ತಿಮ್ಮನನ್ನು ಯಾರಾದರೂ ಕಟ್ಟಿಹಾಕಿ.

ತುಂಟ_ತಿಮ್ಮ
ಮೇಡಂ ನಿಜ ಹೇಳ್ತೀನಿ, ನಾನೂ ಆ ಕಂತು ನೋಡಿಲ್ಲ. ನೋಡಿ ಆದ ಮೇಲೆ ಡಿವಿಡಿ ಕೊಡ್ತೀರಾ? ನಾನೂ ಮೈಸೂರೇ.